ಮೂರನೇ ದರ್ಜೆಯವನ ಅರ್ಥಗಾರಿಕೆ

ಮೊನ್ನೆ ಸಹೋದ್ಯೋಗಿಯೊಬ್ಬನ ಮದುವೆಗೆ ಹೊರಡುವ ಗಡಿಬಿಡಿಯಲ್ಲಿ ಟ್ರಂಕಿನ ತಳದಿಂದ ಒಂದು ಕಪ್ಪು ಕೋಟು ಎಳೆದೆ. ಕಿಸೆಗೆ ಕೈ ಹಾಕಿದರೆ ಕಡಲೆಕಾಳಿನಷ್ಟಕ್ಕೆ ಸವೆದ ಒಂದು ನುಸಿಗುಳಿಗೆ. ಬೊಂಬಾಯಿಯ ಈ ಬಾಡಿಗೆ ಕೋಣೆಯಲ್ಲಿ ನನ್ನೊಡನೆ ಇರುವ ಇಬ್ಬರೂ ಮೂಗು ಹಿಡಿದುಕೊಂಡು ಗ್ಯಾಲರಿಗೆ ಓಡಿದರು. ನನಗೆ ಮಾತ್ರ ಆ ವಾಸನೆ ತಗಲಿದ ಕೂಡಲೇ ಬೆನ್ನು ನೆಟ್ಟಗಾಯಿತು, ಅಂಗೈ ಬೆವರಿತು, ಬಾಯಿಗೆ ತಾನಾಗಿ ಇಂಗ್ಲಿಷ್ ಬಂತು. ಕೆಲವರಿಗೆ ಮಲ್ಲಿಗೆಯ ಪರಿಮಳದಿಂದ ಏನೇನೋ ನೆನಪಾಗುತ್ತದಂತೆ. ನನ್ನ ಯೋಗ್ಯತೆಗೆ ನುಸಿಗುಳಿಗೆ.

ಕೋಟು ನನ್ನದಲ್ಲ. ಕಾರ್ಕಳದ ಶೇಖರ ಭಾವನದು. ನನ್ನ ಅಕ್ಕ ಸುಮತಿಯನ್ನು ಮದುವೆಯಾದ ದಿನ ಅವರು ಅದನ್ನು ತೊಟ್ಟಿದ್ದರು. ಆಮೇಲೆ ನಾನು ಆ ದೊಡ್ಡ ಮ್ಯಾನೇಜ್‌ಮೆಂಟ್ ಶಾಲೆಯ ಇಂಟರ್‌ವ್ಯೂಗೆ ತೊಟ್ಟೆ. ಎರಡು ಸಲವೂ ಒಳಗಿದ್ದವನ ಬೆವರಿಳಿಸಿದ ಕೋಟು ಅದು. ಶಾಲೆಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ನಂಬುವುದಿಲ್ಲ, ನನ್ನ ಬಿ.ಎಸ್ಸಿ.ಯ ಅಂಕ ನೋಡಿದವರಂತೂ ಶಾಲೆಯ ಮೇಲಿನ ನಂಬಿಕೆಯನ್ನೇ ಕಳೆದುಕೊಳ್ಳುತ್ತಾರೆ. ದೇಶದ ಮೂಲೆಮೂಲೆಯ ಮೊದಲ ದರ್ಜೆಯವರು ಸೀಟಿಗಾಗಿ ತಲೆ ಚಚ್ಚಿಕೊಳ್ಳುವ ಆ ಜಾಗಕ್ಕೆ ಕಾಪುವಿನ ಮೂರನೇ ದರ್ಜೆಯವನೊಬ್ಬ ಹೇಗೆ ನುಸುಳಿದ ಎಂಬುದನ್ನು ಇಲ್ಲಿಯವರೆಗೆ ಯಾರೂ ಸರಿಯಾಗಿ ಕೇಳಿಲ್ಲ. ಕೇಳುವ ಮೊದಲೇ ನಗುತ್ತಾರೆ.

ನನಗೆ ಚಿಕ್ಕಂದಿನಿಂದ ಒಂದು ರೋಗ. ಯಾರನ್ನಾದರೂ ಸ್ವಲ್ಪ ಹೊತ್ತು ನೋಡಿದರೆ ಸಾಕು, ಅವರು ನನ್ನೊಳಗೆ ಬಂದು ಬಿಡಾರ ಹೂಡುತ್ತಾರೆ. ಅವರ ನಡಿಗೆ ನನ್ನ ಕಾಲಿಗೆ, ಅವರ ಸ್ವರ ನನ್ನ ಗಂಟಲಿಗೆ. ಎರ್ಮಾಳಿನಿಂದ ಬುಟ್ಟಿ ಹೊತ್ತುಕೊಂಡು ಬರುತ್ತಿದ್ದ ಮೀನಿನವಳ ದನಿಯಲ್ಲಿ ಬೇಲಿಯ ಮರೆಯಿಂದ ಕೂಗಿ ನಮ್ಮ ಓಣಿಯ ಹೆಂಗಸರನ್ನೆಲ್ಲ ಗೇಟಿಗೆ ತರಿಸುವುದು ನನ್ನ ಬೇಸಿಗೆ ರಜೆಯ ಕೆಲಸ. ಬೆಕ್ಕುಗಳೂ ಬರುತ್ತಿದ್ದವು. ಹೆಂಗಸರು ಬೈದು ಒಳಗೆ ಹೋಗುತ್ತಿದ್ದರು. ಬೆಕ್ಕುಗಳು ಮಾತ್ರ ನಂಬಿಕೆ ಬಿಡದೆ ಇನ್ನೂ ಸ್ವಲ್ಪ ಹೊತ್ತು ಕಾದು ಕುಳಿತಿರುತ್ತಿದ್ದವು. ನನ್ನ ಕಲೆಯನ್ನು ಪೂರ್ತಿಯಾಗಿ ಮೆಚ್ಚಿದ ಮೊದಲ ಪ್ರೇಕ್ಷಕರು ಅವು.

ನನ್ನ ಇಂಗ್ಲಿಷಿನ ಕಥೆಯೂ ಇದೇ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಬಂದದ್ದು ಟ್ರಾನ್ಸಿಸ್ಟರಿನಿಂದ. ಕ್ರಿಕೆಟ್ ಕಾಮೆಂಟರಿ ಹೇಳುವವರನ್ನೂ ವಾರ್ತೆ ಓದುವವರನ್ನೂ ಅನುಕರಿಸುತ್ತ ಅನುಕರಿಸುತ್ತ ಭಾಷೆಯೂ ಅಂಟಿಕೊಂಡಿತು. ಹಾಗಾಗಿ ನನ್ನ ಇಂಗ್ಲಿಷಿನಲ್ಲಿ ನನ್ನದೆಂಬುದು ಯಾವುದೂ ಇಲ್ಲ. ಹವಾಮಾನದ ಬಗ್ಗೆ ಮಾತಾಡಿದರೆ ವಾರ್ತೆ ಓದುವವರು ಬರುತ್ತಾರೆ, ಸಂತೋಷವಾದರೆ ಯಾರೋ ಬೌಂಡರಿ ಹೊಡೆದಂತೆ ಸ್ವರ ಏರುತ್ತದೆ, ಸಿಟ್ಟು ಬಂದರೆ ನಮ್ಮ ಪ್ರಿನ್ಸಿಪಾಲರು.

ಕಾಲೇಜು ಉಡುಪಿಯಲ್ಲಿ. ಅಲ್ಲಿ ಹೆಬ್ಬಾರರೆಂಬ ರಸಾಯನಶಾಸ್ತ್ರದ ಮೇಷ್ಟ್ರಿದ್ದರು. ಪ್ರತಿ ವಾಕ್ಯದ ಮೊದಲು ಗಂಟಲು ಸರಿಮಾಡಿಕೊಂಡು, ಪ್ರತಿ ವಾಕ್ಯದ ಕೊನೆಯಲ್ಲಿ ಕನ್ನಡಕ ಸರಿಮಾಡಿಕೊಂಡು, ನಡುವೆ ಸಿಕ್ಕಿದ ಜಾಗದಲ್ಲಿ ಪಾಠ ಮಾಡುತ್ತಿದ್ದರು. ಒಂದು ದಿನ ಅವರು ಬರುವುದು ತಡವಾಯಿತು. ನಾನು ಎದ್ದು ಹೋಗಿ ಪಾಠ ಶುರುಮಾಡಿದೆ. ಗಂಟಲು, ಕನ್ನಡಕ, ಸೀಮೆಸುಣ್ಣ ಎಲ್ಲವೂ ಹದವಾಗಿ ಬಂದವು. ಮೊದಲು ನಗುತ್ತಿದ್ದ ಹುಡುಗರು ಆಮೇಲೆ ನೋಟ್ಸ್ ಬರೆದುಕೊಳ್ಳತೊಡಗಿದರು. ಬೋರ್ಡಿನ ಮೇಲೆ ಒಂದು ಉದ್ದದ ಸಮೀಕರಣ ಬರೆದು ತಿರುಗುತ್ತೇನೆ, ಬಾಗಿಲಲ್ಲಿ ಹೆಬ್ಬಾರರು. ಎಷ್ಟು ಹೊತ್ತಿನಿಂದ ನಿಂತಿದ್ದರೋ.

ಅವರು ಗಂಟಲು ಸರಿಮಾಡಿಕೊಂಡರು. “ಸ್ವರ ನನ್ನದೇ ಉಂಟು,” ಅಂದರು. “ಸಮೀಕರಣ ಮಾತ್ರ ನಿನ್ನದು.” ಕನ್ನಡಕ ಸರಿಮಾಡಿಕೊಂಡರು.

ನನ್ನ ಮೂರು ವರ್ಷದ ವಿದ್ಯಾಭ್ಯಾಸವನ್ನು ಇದಕ್ಕಿಂತ ಚಿಕ್ಕದಾಗಿ ಯಾರಿಂದಲೂ ಹೇಳಲಿಕ್ಕಾಗದು. ಎಲ್ಲರ ಸ್ವರವನ್ನೂ ಕಲಿತೆ. ಸಮೀಕರಣಗಳು ಮಾತ್ರ ನನ್ನವಾಗಿಯೇ ಉಳಿದವು. ರಿಸಲ್ಟು ಬಂದಾಗ ಮೂರನೇ ದರ್ಜೆ. ಅದೂ ಬಾಗಿಲು ಮುಚ್ಚುವ ಹೊತ್ತಿಗೆ ಓಡಿಬಂದು ಬಸ್ಸಿನ ಫುಟ್‌ಬೋರ್ಡಿನಲ್ಲಿ ಒಂದು ಕಾಲು ಇಟ್ಟಂಥ ಮೂರನೇ ದರ್ಜೆ.

ಇಲ್ಲಿ ಅಪ್ಪನ ವಿಷಯ ಹೇಳಬೇಕು. ವಾರದ ದಿನಗಳಲ್ಲಿ ಅವರು ಕಾಪುವಿನ ಪ್ರಾಥಮಿಕ ಶಾಲೆಯ ಹೆಡ್‌ಮಾಸ್ಟರು. ಭಾನುವಾರ ಮಧ್ಯಾಹ್ನ ತಾಳಮದ್ದಳೆಯ ಅರ್ಥಧಾರಿ. ತಾಳಮದ್ದಳೆ ನೋಡದ ಘಟ್ಟದ ಮೇಲಿನವರಿಗೆ ಒಂದು ಮಾತು: ಅದು ವೇಷವಿಲ್ಲದ ಯಕ್ಷಗಾನ. ಭಾಗವತರು ಪ್ರಸಂಗದ, ಎಂದರೆ ಅಂದಿನ ಕಥೆಯ, ಪದ ಹೇಳುತ್ತಾರೆ, ಮದ್ದಳೆ ನುಡಿಯುತ್ತದೆ. ಪಂಚೆ ಶಲ್ಯದಲ್ಲಿ ಎದುರುಬದುರು ಕುಳಿತವರು ನೀನು ಕೃಷ್ಣ, ನಾನು ಕೌರವ ಎಂದು ಪಾತ್ರ ಹಂಚಿಕೊಂಡು ವಾದಕ್ಕಿಳಿಯುತ್ತಾರೆ. ಯಾರೂ ಬರೆದುಕೊಟ್ಟ ಮಾತಿಲ್ಲ. ಆ ಕ್ಷಣಕ್ಕೆ ಹುಟ್ಟಿದ್ದೇ ಮಾತು, ಅದೇ ಅರ್ಥ. ನಮ್ಮೂರಿನಲ್ಲಿ ಶಾಲೆಯ ಚಾವಡಿಯಲ್ಲಿ ಇದು ನಡೆಯುತ್ತಿತ್ತು. ಅಪ್ಪನಿಗೆ ಸಿಟ್ಟು ಬಂದರೆ ಮನೆಯಲ್ಲೂ ತುಳು ಬಿಟ್ಟು ಪ್ರಸಂಗದ ಕನ್ನಡಕ್ಕೆ ಹತ್ತುತ್ತಿದ್ದರು. ಹಾಲು ಉಕ್ಕಿ ಚೆಲ್ಲಿದರೆ ಅಮ್ಮನಿಗೂ ಒಂದು ಸಣ್ಣ ಯುದ್ಧಪರ್ವ.

ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಭಾನುವಾರ ಕೌರವನ ಅರ್ಥ ಹೇಳುವವರಿಗೆ ಜ್ವರ. ಅಪ್ಪ ಭೀಷ್ಮನಾಗಿ ಆಗಲೇ ಕುಳಿತಾಗಿತ್ತು. ನನ್ನನ್ನು ಕೌರವನ ಜಾಗದಲ್ಲಿ ಕೂರಿಸಿದರು. ಎದುರಿಗೆ ಸಂಧಾನಕ್ಕೆ ಬಂದ ಕೃಷ್ಣನಾಗಿ ಜವಳಿ ಅಂಗಡಿಯ ಶೀನಪ್ಪಣ್ಣ. ಪಾಪದ ಮನುಷ್ಯ. ಅಂಗಡಿಯಲ್ಲೇ ಗಿರಾಕಿಗೆ ಎದುರು ಮಾತಾಡಿ ಗೊತ್ತಿಲ್ಲದವರು. ನಾನು ಜ್ವರ ಬಂದವರ ಸ್ವರದಲ್ಲೇ ಶುರುಮಾಡಿ, ಒಂದರ ಮೇಲೊಂದು ಪ್ರಶ್ನೆ ಎಸೆದು, ಐದು ಊರೆಂತ ಕೇಳುವುದು, ಒಂದು ಊರು ಸಾಕಾಗದಾ ಎಂದು ಗುಡುಗಿದೆ. ಶೀನಪ್ಪಣ್ಣ ಶಲ್ಯದಲ್ಲಿ ಹಣೆ ಒರೆಸಿಕೊಂಡರು. ಬಾಯಿ ತೆರೆದರು. ಮುಚ್ಚಿದರು. ಕೃಷ್ಣನೇ ಸುಮ್ಮನಾದ ಮೇಲೆ ಮಹಾಭಾರತ ಮುಂದೆ ಹೋಗುವುದು ಹೇಗೆ? ಭಾಗವತರು ಮಂಗಳ ಹಾಡಿ ಎದ್ದರು. ಕಾಪುವಿನಲ್ಲಿ ಆ ಭಾನುವಾರ ಕುರುಕ್ಷೇತ್ರ ನಡೆಯಲೇ ಇಲ್ಲ.

ನಾನು ಎದೆ ಉಬ್ಬಿಸಿಕೊಂಡು ಅಪ್ಪನ ಹಿಂದೆ ನಡೆದೆ. ದೀಪಸ್ತಂಭ ಕಾಣುವ ತಿರುವಿನಲ್ಲಿ ಅವರು ನಿಂತರು.

“ಗೆದ್ದೆ ಅಂತ ನೆಗಾಡ್ಬೇಡ. ಅವರು ಬಾಯಿ ಮುಚ್ಚಿದ ಮೇಲೆ ನೀನು ಯಾರ ಹತ್ತಿರ ಮಾತಾಡಿದ್ದು?”

“ಕೃಷ್ಣನ ಹತ್ತಿರ.”

“ಕಂಬದ ಹತ್ತಿರ. ಎದುರಿನವ ತಪ್ಪಿದರೆ ಅವನಿಗೊಂದು ಪ್ರಶ್ನೆ ಕೊಡ್ಬೇಕು. ಅದನ್ನು ಹಿಡಿದುಕೊಂಡು ಅವ ಮೇಲೆ ಬರ್ತಾನೆ. ಬಂದ ಮೇಲೆ ಬೇಕಾದ್ರೆ ಹೊಡಿ. ಮತ್ತೆ, ನೀನು ಕೌರವ. ಎಷ್ಟು ಮಾತಾಡಿದರೂ ಕಡೆಗೆ ಸೋಲಲಿಕ್ಕೆ ಉಂಟು. ಸೋಲಲಿಕ್ಕೂ ಒಂದು ಮರ್ಯಾದೆ ಉಂಟು ಮಾರಾಯ.”

ನಮ್ಮ ಕಡೆಯ ತಾಳಮದ್ದಳೆಯವರಿಗೆಲ್ಲ ಇದು ಹೇಳಿಕೊಡಬೇಕಾದ ವಿಷಯವೇ ಅಲ್ಲ, ಊಟದ ಎಲೆಗೆ ಮೊದಲು ಉಪ್ಪು ಬಡಿಸುವಂತೆ. ಆಮೇಲಿನ ಭಾನುವಾರಗಳಲ್ಲಿ ನಾನೂ ಕಲಿತೆ. ನಾನು ಯಾವುದಾದರೂ ಒಂದು ವಿಷಯವನ್ನು ನಿಜವಾಗಿ ಕಲಿತಿದ್ದರೆ ಅದು ಇದೊಂದೇ. ಯೂನಿವರ್ಸಿಟಿಯವರು ಇದರಲ್ಲಿ ಪರೀಕ್ಷೆ ಇಟ್ಟಿರಲಿಲ್ಲ.

ಇನ್ನು ಶೇಖರ ಭಾವ. ಕಾರ್ಕಳದಲ್ಲಿ ಅವರಿಗೆ ಒಂದು ಕಲ್ಲುಕೋರೆ. ದಿನವೂ ಬಂಡೆಗೆ ಮದ್ದಿಟ್ಟು ಸಿಡಿಸುವ ಕಸುಬಿನಿಂದಾಗಿ ಅವರಿಗೊಂದು ಅಭ್ಯಾಸ ಬಂದುಬಿಟ್ಟಿತ್ತು. ಯಾವುದಾದರೂ ಮುಖ್ಯವಾದ ಮಾತು ಹೇಳಿ ಮುಗಿಸಿದ ಕೂಡಲೇ ಎರಡು ಭುಜವನ್ನೂ ಕಿವಿಯವರೆಗೆ ಎತ್ತಿ, ಕಣ್ಣು ಕಿರಿದು ಮಾಡಿ ಒಂದು ಕ್ಷಣ ಕಾಯುವರು, ಆಡಿದ ಮಾತು ಈಗ ಸಿಡಿಯುತ್ತದೆ ಎಂಬಂತೆ. ಅವರಿಗೆ ಇದು ಗೊತ್ತೇ ಇರಲಿಲ್ಲ. ಮದುವೆಯ ದಿನ ಊಟವಾದ ಮೇಲೆ ಅವರ ಕಡೆಯ ಅಜ್ಜಿಯೊಬ್ಬರು, “ಹುಡುಗ ಎಂತದೋ ಮಾಡಿ ತೋರಿಸ್ತಾನಂತಲ್ಲ, ಒಂದು ಮಾಡು ಮಗ,” ಅಂದರು. ನಾನು ಮದುಮಗನನ್ನೇ ಮಾಡಿ ತೋರಿಸಿದೆ. ಧಾರೆಯ ಹೊತ್ತಿಗೆ “ಆಗಬಹುದು” ಎಂದು ಹೇಳಿ ಭುಜ ಎತ್ತಿ ಕಾದದ್ದು. ಚಪ್ಪರಕ್ಕೆ ಚಪ್ಪರವೇ ನಕ್ಕಿತು. ಭಾವನೂ ನಕ್ಕರು. ಆದರೆ ಮರುದಿನದಿಂದ ಕೋರೆಯ ಆಳುಗಳೂ ಭುಜ ಎತ್ತತೊಡಗಿದರು ಎಂದು ಅಕ್ಕ ಬರೆದಳು.

ಈಗ ನನ್ನ ರಿಸಲ್ಟಿಗೆ ಬನ್ನಿ. ಅಪ್ಪ ಅಂಕಪಟ್ಟಿಯನ್ನು ಕೈಯಳತೆಗೆ ಹಿಡಿದು ನೋಡಿ, ಪ್ರಸಂಗದ ಕನ್ನಡಕ್ಕೆ ಹತ್ತಿದರು. “ಎಲೈ ಕುಮಾರನೇ, ತೃತೀಯ ದರ್ಜೆಯೆಂಬ ಈ ಕಿರೀಟವನ್ನು ಧರಿಸಿ ಇನ್ನಾವ ರಾಜ್ಯವನ್ನು ಆಳುವವನಿದ್ದೀಯೆ?” ಈ ಸಲ ತಪ್ಪಿದವನು ನಾನು. ಪದ್ಧತಿಯಂತೆ ಅಪ್ಪ ನನಗೊಂದು ಪ್ರಶ್ನೆ ಕೊಡಬೇಕಿತ್ತು. ಕೊಡಲಿಲ್ಲ. ತುಳುವಿಗೆ ಇಳಿದು ತೀರ್ಮಾನ ಹೇಳಿಬಿಟ್ಟರು: ಬ್ಯಾಂಕಿನವರು ಈ ಅಂಕಕ್ಕೆ ಅರ್ಜಿಯನ್ನೂ ಮುಟ್ಟುವುದಿಲ್ಲ, ಕಾರ್ಕಳಕ್ಕೆ ಹೋಗಿ ಭಾವನ ಕೋರೆಯಲ್ಲಿ ಮೇಸ್ತ್ರಿಕೆ ಮಾಡುವುದು.

ಭಾವ ಆ ಹೊತ್ತಿಗೆ ನಮ್ಮ ಮನೆಯಲ್ಲೇ ಕಾಫಿ ಕುಡಿಯುತ್ತಿದ್ದರು. ಮಾವ ಕೇಳಿದ ಮೇಲೆ ಅಳಿಯ ಇಲ್ಲವೆನ್ನುವುದುಂಟೇ? ಲೋಟ ಕೆಳಗಿಟ್ಟು, “ಆಗಲಿ ಮಾವ. ಹುಡುಗ ನಮ್ಮವನೇ ಅಲ್ವಾ,” ಅಂದರು. ಭುಜ ಮೇಲಕ್ಕೆ ಹೊರಟಿತು. ನಾನು ನೋಡುತ್ತಿರುವುದನ್ನು ನೋಡಿ ಅರ್ಧದಲ್ಲೇ ನಿಂತಿತು. ಎತ್ತಲೂ ಆಗದೆ ಇಳಿಸಲೂ ಆಗದೆ ಅವರು ಕುಳಿತ ಆ ಭಂಗಿಯಲ್ಲಿ ನನ್ನ ಮುಂದಿನ ಮೂವತ್ತು ವರ್ಷ ನನಗೆ ಕಂಡಿತು. ಅವರಿಗೂ ಅವರ ಮೂವತ್ತು ವರ್ಷ ಕಂಡಿರಬೇಕು.

ಪಾರಾಗಲು ನನಗೆ ಸಿಕ್ಕಿದವನು ಮಣಿಪಾಲದ ಕಿಣಿ. ನನ್ನ ಕ್ಲಾಸಿನವನೇ, ಆದರೆ ಮೊದಲ ದರ್ಜೆ. ಅವನು ಮ್ಯಾನೇಜ್‌ಮೆಂಟ್ ಶಾಲೆಗೆ ಅರ್ಜಿ ಹಾಕುವವನಿದ್ದ. ಪರೀಕ್ಷೆಯ ನಂತರ ಗ್ರೂಪ್ ಡಿಸ್ಕಷನ್ ಎಂಬುದೊಂದು ಇರುತ್ತದೆ, ಅದಕ್ಕೆ ಅಭ್ಯಾಸ ಮಾಡಲು ಎದುರಿಗೊಬ್ಬ ಮನುಷ್ಯ ಬೇಕು ಎಂದು ನನ್ನನ್ನೂ ಎಳೆದ. ಅಂದರೆ ನಾನು ಅರ್ಜಿ ಹಾಕಿದ್ದು ಕಿಣಿಗೆ ಗೋಡೆಯಾಗಿ ನಿಲ್ಲಲು; ಚೆಂಡು ಬಡಿಯಲು ಹುಡುಗರಿಗೆ ಒಂದು ಗೋಡೆ ಬೇಕಲ್ಲ, ಹಾಗೆ. ಲಿಖಿತ ಪರೀಕ್ಷೆಯಲ್ಲಿ ಒಂದು ಪವಾಡ ನಡೆಯಿತು. ಅದರಲ್ಲಿ ರಸಾಯನಶಾಸ್ತ್ರವಿರಲಿಲ್ಲ, ಭೌತಶಾಸ್ತ್ರವಿರಲಿಲ್ಲ. ನಾನು ಓದದೆ ಬಿಟ್ಟದ್ದು ಒಂದೂ ಇರಲಿಲ್ಲ. ಬರೀ ಒಗಟುಗಳು, ರೈಲುಗಳು ಒಂದನ್ನೊಂದು ದಾಟುವುದು, ಇಂಗ್ಲಿಷ್. ಇಬ್ಬರಿಗೂ ಬೆಂಗಳೂರಿಗೆ ಕರೆ ಬಂತು.

ಮಣಿಪಾಲದ ಗುಡ್ಡದ ತುದಿಯಲ್ಲಿ ಗೇರುಮರದ ಕೆಳಗೆ ನಮ್ಮ ತಾಲೀಮು. ಕಿಣಿ ಗೈಡುಪುಸ್ತಕ ಓದಿಕೊಂಡಿದ್ದ.

“ಕೇಳು. ಮೊದಲು ನೀನೇ ಮಾತಾಡ್ಬೇಕು. ಜಾಸ್ತಿ ನೀನೇ ಮಾತಾಡ್ಬೇಕು. ಬೇರೆಯವ ಬಾಯಿ ತೆಗೆದರೆ ಅಲ್ಲೇ ಕತ್ತರಿಸ್ಬೇಕು.”

“ಹಾಗಾದ್ರೆ ಅವ ಯಾವಾಗ ಮಾತಾಡುದು?”

“ಮಾತಾಡ್ಲಿಕ್ಕೇ ಇಲ್ಲ. ಅವ ಮಾತಾಡದಿದ್ರೆ ನಮಗೆ ಸೀಟು.”

ನಾನು ಕಿಣಿಯ ಸ್ವರದಲ್ಲೇ ಅವನಿಗೆ ಎದುರು ವಾದ ಮಾಡುತ್ತಿದ್ದೆ. ತನ್ನ ಸ್ವರದ ಜೊತೆ ಜಗಳಾಡಿ ಪ್ರತಿದಿನ ಸೋತು ಅವನು ಸೈಕಲ್ ತಳ್ಳಿಕೊಂಡು ಮನೆಗೆ ಹೋಗುತ್ತಿದ್ದ.

ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಕಾರ್ಕಳದಿಂದ ಭಾವ ತಾವಾಗಿಯೇ ಬಂದರು. ಕಂಕುಳಲ್ಲಿ ಆ ಕೋಟು.

“ಹಾಕಿಕೊಂಡು ಹೋಗು. ಒಳ್ಳೆ ಬಟ್ಟೆ. ನಿನಗೆ ಸಿಗ್ತದೆ ನೋಡು.”

“ಸಿಗದಿದ್ರೆ ಕೋರೆಗೆ ಬರ್ತೇನಲ್ಲ ಭಾವ.”

“ಇಲ್ಲ ಇಲ್ಲ, ಸಿಗ್ತದೆ,” ಎಂದು ಅವರು ಗಡಿಬಿಡಿಯಲ್ಲಿ ಹೇಳಿದರು. “ಕೊಲ್ಲೂರಿಗೆ ಹರಕೆ ಹೇಳಿಕೊಂಡಿದ್ದೇನೆ.”

ಭಾವ ಬಂಡೆ ಎತ್ತಿ ಬೆಳೆದ ಆಳು. ನಾನು ಬಿದಿರುಕೋಲು. ಕೋಟಿನೊಳಗೆ ನಾನು ಎಡಕ್ಕೆ ತಿರುಗಿದರೂ ಕೋಟು ಎದುರೇ ನೋಡುತ್ತಿತ್ತು. ಅಕ್ಕ ಕಿಸೆ ಕಿಸೆಗೂ ನುಸಿಗುಳಿಗೆ ತುಂಬಿಸಿಟ್ಟಿದ್ದಳು. ಬೆಂಗಳೂರಿನಲ್ಲಿ ನಾನು ಕೋಣೆಗೆ ಬಂದು ಕುಳಿತ ಕೂಡಲೇ ಎರಡೂ ಪಕ್ಕದವರು ಕುರ್ಚಿ ಸ್ವಲ್ಪ ಆಚೆ ಜರುಗಿಸಿಕೊಂಡರು. ಬೇರೆ ಯಾವ ಅಭ್ಯರ್ಥಿಗೂ ಅಷ್ಟು ಜಾಗ ಸಿಕ್ಕಿರಲಿಲ್ಲ.

ದುಂಡು ಮೇಜಿನ ಸುತ್ತ ನಾವು ಎಂಟು ಮಂದಿ. ಗೋಡೆಯ ಬದಿಯಲ್ಲಿ ಪರೀಕ್ಷಕರು ಮೂವರು: ಬಕ್ಕತಲೆಯ ಹಿರಿಯರೊಬ್ಬರು, ಬೆಳ್ಳಿ ಕೂದಲಿನ ಮೇಡಂ ಒಬ್ಬರು, ಇನ್ನೊಬ್ಬರು ಯಾವುದೋ ಕಂಪನಿಯವರು. ದೇಶಕ್ಕೆ ದೊಡ್ಡ ಕಾರ್ಖಾನೆ ಬೇಕೋ ಸಣ್ಣ ಕೈಗಾರಿಕೆ ಬೇಕೋ ಎಂಬುದು ವಿಷಯ. ‘ಶುರುಮಾಡಿ’ ಎಂದದ್ದೇ ತಡ, ಎಲ್ಲರೂ ಕಿಣಿಯ ಗೈಡುಪುಸ್ತಕವನ್ನೇ ಓದಿಕೊಂಡು ಬಂದಿದ್ದಾರೆಂದು ಗೊತ್ತಾಯಿತು. ಎಲ್ಲರೂ ಮೊದಲು ಮಾತಾಡಿದರು. ಎಲ್ಲರೂ ಜಾಸ್ತಿ ಮಾತಾಡಿದರು. ಹೆಚ್ಚಿನವರು ದೊಡ್ಡ ಕಾರ್ಖಾನೆಯ ಪಕ್ಷ. ನಾನೂ ಅದೇ ಪಕ್ಷ. ಕಾಮೆಂಟರಿಯ ಸ್ವರದಲ್ಲಿ ಉಕ್ಕು, ಸಿಮೆಂಟು, ಅಣೆಕಟ್ಟು ಎಂದು ನಾಲ್ಕು ಬೌಂಡರಿ ಹೊಡೆದೆ. ಚೆನ್ನಾಗಿಯೇ ನಡೆಯುತ್ತಿತ್ತು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಕಿಣಿಯ ಲೆಕ್ಕದಲ್ಲಿ ನಾನು ಪಾಸು.

ಎದುರಿಗೆ ಸೇಲಂ ಕಡೆಯ ಒಬ್ಬ ಸಪೂರ ಹುಡುಗ, ದಪ್ಪ ಕನ್ನಡಕ. ಸಣ್ಣ ಕೈಗಾರಿಕೆಯ ಪಕ್ಷಕ್ಕೆ ಅವನೊಬ್ಬನೇ. ‘ನಮ್ಮ ಊರಿನ ನೇಕಾರರು’ ಎಂದು ಶುರುಮಾಡಿದ, ಒಬ್ಬ ಕತ್ತರಿಸಿದ. ಮತ್ತೆ ‘ನಮ್ಮ ಊರಿನ’ ಎಂದ, ಇನ್ನೊಬ್ಬ ಕತ್ತರಿಸಿದ. ಹುಡುಗ ಕರ್ಚೀಫು ತೆಗೆದು ಹಣೆ ಒರೆಸಿಕೊಂಡ. ಬಾಯಿ ತೆರೆದ. ಮುಚ್ಚಿದ.

ನನಗೆ ಏನಾಯಿತೆಂದು ಕೇಳಬೇಡಿ. ಎದುರಿನ ಅರ್ಥಧಾರಿ ತಪ್ಪಿದ್ದಾನೆ, ಇನ್ನು ಪ್ರಸಂಗ ಬೀಳುತ್ತದೆ ಎಂಬುದಷ್ಟೇ ಕಂಡಿತು. ಇದು ಚಾವಡಿಯಲ್ಲ, ಅಲ್ಲಿ ಕುಳಿತವನು ನನ್ನ ಸೀಟಿನ ಪಾಲುದಾರ ಎಂಬುದು ಪೂರ್ತಿ ಮರೆತುಹೋಯಿತು. ಕೈ ಎತ್ತಿ ಉಳಿದವರನ್ನು ನಿಲ್ಲಿಸಿ ಇಂಗ್ಲಿಷಿನಲ್ಲಿ ಕೇಳಿದೆ: “ಮಿಲ್ಲು ಬಂದ ದಿನ ನಿಮ್ಮ ಊರಿನ ನೇಕಾರ ಏನು ಉಣ್ಣುತ್ತಾನೆ ಎಂದು ನೀವು ನನ್ನನ್ನು ಕೇಳಲು ಹೊರಟಿದ್ದಿರಿ, ಅಲ್ಲವೇ? ಕೇಳಿ.”

ಹುಡುಗ ನನ್ನನ್ನೇ ನೋಡಿದ. ಕನ್ನಡಕ ಸರಿಮಾಡಿಕೊಂಡ. “ಹೌದು. ಏನು ಉಣ್ಣುತ್ತಾನೆ?” ಎಂದ.

ಆಮೇಲೆ ಅವನನ್ನು ಹಿಡಿಯುವವರಿರಲಿಲ್ಲ. ಅವನ ಅಪ್ಪ ಮಗ್ಗದವರಂತೆ. ನೂಲು, ಬಣ್ಣ, ಹಬ್ಬದ ಗಿರಾಕಿ ಎಲ್ಲ ಬಂತು. ನಾನು ಉಕ್ಕನ್ನು ತಂದೆ, ಅವನು ನೂಲಿನಲ್ಲಿ ಕಟ್ಟಿದ. ಅಣೆಕಟ್ಟು ತಂದೆ, ಅದರ ನೀರಿನಲ್ಲೇ ಬಟ್ಟೆ ಅದ್ದಿದ. ನಿಜ ಹೇಳುತ್ತೇನೆ, ಅಷ್ಟು ಒಳ್ಳೆಯ ಕೂಟ ನಾನು ಕಾಪುವಿನಲ್ಲೂ ಮಾಡಿದ್ದಿಲ್ಲ. ಉಳಿದ ಆರು ಮಂದಿ ಪ್ರೇಕ್ಷಕರಂತೆ ಕುಳಿತಿದ್ದರು. ಕೊನೆಗೆ ನನ್ನ ಕೈಯಲ್ಲಿ ಬಾಣ ಉಳಿಯಲಿಲ್ಲ. ಸೋಲಲಿಕ್ಕೂ ಮರ್ಯಾದೆ ಉಂಟಲ್ಲ. ಎರಡು ಕೈ ಮುಗಿದು, ಸ್ವರ ಇಳಿಸಿ, ನಿಮ್ಮ ಮಾತಿಗೆ ತಲೆಬಾಗಿದ್ದೇನೆ ಎಂದು ತಲೆ ಬಾಗಿಸಿದೆ. ಕೋಟು ಬಾಗಲಿಲ್ಲ.

ಹೊರಗೆ ವರಾಂಡದಲ್ಲಿ, ಬೇರೆ ಗುಂಪಿನಲ್ಲಿದ್ದ ಕಿಣಿ ಕಾಯುತ್ತಿದ್ದ. ನಡೆದದ್ದು ಹೇಳಿದೆ. ಅವನು ಕಂಬಕ್ಕೆ ಒರಗಿದ.

“ಮಂಗ, ಅವನಿಗೆ ನೀನೇ ಪಾಯಿಂಟು ಕೊಟ್ಟದ್ದಾ?”

“ಅವ ತಪ್ಪಿದ್ದ ಮಾರಾಯ.”

“ತಪ್ಪಲಿಕ್ಕೇ ಅವ ಬಂದದ್ದು. ಎಂಟು ಜನರಲ್ಲಿ ಒಬ್ಬನನ್ನೋ ಇಬ್ಬರನ್ನೋ ತಗೊಳ್ಳುದು. ಕೈ ಮುಗಿದದ್ದು ಬೇರೆ! ಹೋಗು, ಕಾರ್ಕಳದ ಬಸ್ಸು ಹಿಡಿ.”

ಗೋಡೆಯಾಗಿ ಬಂದಿದ್ದೆ, ನಿಜ. ಆದರೆ ಪರೀಕ್ಷೆ ಪಾಸಾದಂದಿನಿಂದ ಒಳಗೊಳಗೇ ಆಸೆ ಹುಟ್ಟಿಬಿಟ್ಟಿತ್ತು. ಜೀವಮಾನದಲ್ಲಿ ಮೊದಲ ಸಲ ಒಂದು ಶಾಲೆಗೆ ನಾನೇ ಹೋಗಬೇಕೆನಿಸಿತ್ತು. ಎದುರಿಗೆ ಅರ್ಧ ಎತ್ತಿದ ಭುಜಗಳು ಕಾಣತೊಡಗಿದವು.

ಇಂಟರ್‌ವ್ಯೂ ಮಧ್ಯಾಹ್ನ. ಬಕ್ಕತಲೆಯವರು ನನ್ನ ಅಂಕಗಳನ್ನು ನೋಡಿ, ಕನ್ನಡಕ ಒರೆಸಿ, ಮತ್ತೊಮ್ಮೆ ನೋಡಿದರು. ಅವು ಬದಲಾಗಿರಲಿಲ್ಲ.

“ತರಗತಿಗೆ ಹೋಗುತ್ತಿರಲಿಲ್ಲವೇ?”

“ಎಲ್ಲ ತರಗತಿಗೂ ಹೋಗಿದ್ದೇನೆ ಸರ್. ಕೆಲವಕ್ಕೆ ಮೇಷ್ಟ್ರಾಗಿ.”

ವಿವರಿಸಬೇಕಾಯಿತು. ಹೆಬ್ಬಾರರು ಬಂದರು, ಗಂಟಲು ಬಂತು, ಸಮೀಕರಣವೂ ಬಂತು. ಕಂಪನಿಯವರು ಮೀಸೆಯೊಳಗೆ ನಕ್ಕು, ಹಾಗಾದರೆ ಈಗ ನಮ್ಮಲ್ಲೊಬ್ಬರನ್ನು ಮಾಡಿ ತೋರಿಸು ಎಂದರು. ನಾನು ಬಕ್ಕತಲೆಯವರನ್ನು ಆಗಲೇ ಪೂರ್ತಿ ಹಿಡಿದಾಗಿತ್ತು. ನಾಲಗೆ ತುರಿಸಿತು.

“ರಿಸಲ್ಟು ಬಂದ ಮೇಲೆ ಮಾಡುತ್ತೇನೆ ಸರ್,” ಎಂದೆ.

ಮೇಡಂ ಮಾತ್ರ ನಗಲಿಲ್ಲ. ಅವರು ನನ್ನ ಅಂಕಗಳ ಕಡೆ ನೋಡಿಯೂ ಇರಲಿಲ್ಲ. “ಬೆಳಿಗ್ಗೆ ಎದುರಿನವನ ವಾದವನ್ನು ನೀನೇ ಅವನ ಕೈಗೆ ಕೊಟ್ಟೆ. ಯಾಕೆ?”

ತಾಳಮದ್ದಳೆಯನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ? ಕಾಮೆಂಟರಿಯವರಿಗೆ ಅದು ಗೊತ್ತಿಲ್ಲ, ವಾರ್ತೆ ಓದುವವರಿಗೂ ಗೊತ್ತಿಲ್ಲ. ಆ ದಿನ ಮೊದಲ ಬಾರಿಗೆ ನನ್ನ ಬಾಯಿಯಿಂದ ಯಾರ ಸ್ವರವೂ ಇಲ್ಲದ ಇಂಗ್ಲಿಷ್ ಹೊರಟಿತು. ಕುಂಟುತ್ತ ಹೊರಟಿತು. ಚಾವಡಿ, ಕೃಷ್ಣ, ಜವಳಿ ಅಂಗಡಿ, ನಡೆಯದೆ ಹೋದ ಕುರುಕ್ಷೇತ್ರ ಎಲ್ಲ ಹೇಳಿದೆ.

“ಸರಿ,” ಎಂದರು ಮೇಡಂ. “ಅವನಿಗೆ ಸೀಟು ಸಿಕ್ಕಿ ನಿನಗೆ ಸಿಗದಿದ್ದರೆ?”

“ತುಂಬ ಬೇಜಾರಾಗುತ್ತದೆ ಮೇಡಂ. ಆದರೆ ಅವರು ಸುಮ್ಮನೆ ಕುಳಿತಿದ್ದರೆ ನಾನು ಹೇಳಿದ್ದು ಪೊಳ್ಳೆಂದು ನನಗೆ ಗೊತ್ತೇ ಆಗುತ್ತಿರಲಿಲ್ಲ.”

ಅವರು ಏನೋ ಬರೆದುಕೊಂಡರು. ಹೋಗಬಹುದು ಎಂದರು. ನಾನು ಎದ್ದೆ. ಸ್ವಲ್ಪ ಹೊತ್ತಿನ ಮೇಲೆ ಕೋಟೂ ಎದ್ದಿತು.

ಊರಿಗೆ ಬಂದ ಮೇಲೆ ಅಪ್ಪ ಏನೂ ಕೇಳಲಿಲ್ಲ. ಮರು ಸೋಮವಾರವೇ ಕಾರ್ಕಳದ ಬಸ್ಸು ಹತ್ತಿಸಿದರು.

ಭಾವ ನನ್ನನ್ನು ಬಹುವಚನದಲ್ಲಿ ಬರಮಾಡಿಕೊಂಡರು. “ಬನ್ನಿ, ಕೂತ್ಕೊಳ್ಳಿ.” ಅಲ್ಲಿಂದ ಮುಂದೆ ಅವರ ಬಾಯಿಯಿಂದ ಹೊರಟ ಮಾತುಗಳನ್ನು ಒಂದು ಬಸ್ ಟಿಕೇಟಿನ ಹಿಂದೆ ಬರೆಯಬಹುದಿತ್ತು. ನಾನು ಎದುರಿಗಿದ್ದರೆ ಅವರು ಮಾತಾಡುವುದಿಲ್ಲ, ಕೈ ಆಡಿಸುವುದಿಲ್ಲ, ತಲೆ ಕೆರೆದುಕೊಳ್ಳುವುದೂ ಇಲ್ಲ. ಊರಿನ ಗುಡ್ಡದ ಮೇಲೆ ಒಬ್ಬ ಗೊಮ್ಮಟ. ಕೋರೆಯಲ್ಲಿ ಪಂಚೆ ಉಟ್ಟ ಇನ್ನೊಬ್ಬ. ಲಾರಿಯವನು ಬಾಡಿಗೆ ಹೆಚ್ಚು ಕೇಳಿದರೂ ಭಾವ ನಿಂತೇ ಇರುತ್ತಿದ್ದರು. ಈ ಮೌನಕ್ಕೆ ಹೆದರಿ ಅವನೇ ಇಳಿಸುತ್ತಿದ್ದ. ವ್ಯಾಪಾರಕ್ಕೆ ಲಾಭವೇ ಆಯಿತೆನ್ನಿ. ಆದರೆ ಅಕ್ಕನಿಗೆ ತಡೆಯಲಿಲ್ಲ.

“ಎಂತ ಅವತಾರ ದಯಾ ಇದು? ಮೊದಲು ರಾತ್ರಿ ಊಟ ಮುಗಿದರೂ ಇವರ ಮಾತು ಮುಗಿತಿರ್ಲಿಲ್ಲ. ಈಗ ಪಲ್ಯ ಬೇಕಾ ಕೇಳಿದರೆ ಕಣ್ಣಲ್ಲಿ ತೋರಿಸ್ತಾರೆ. ನೀನು ಯಾವಾಗ ಹೋಗುದು?”

“ನಾನು ಏನೂ ಮಾಡ್ಲಿಲ್ಲ ಅಕ್ಕ.”

“ಮಾಡುದು ಬೇಡ. ನೀನು ನೋಡಿದರೆ ಸಾಕು.”

ಕಾಯುವುದು ನನಗೂ ಕಷ್ಟವಾಯಿತು. ಅಂಚೆಯವನು ಕಾಪುವಿಗೆ ಬರಬೇಕು, ನಾನಿರುವುದು ಕಾರ್ಕಳದಲ್ಲಿ. ಕೋರೆಯ ತಗಡಿನ ಮಾಡಿನ ಕೆಳಗೆ ಕುಳಿತು ಲಾರಿಗೆ ಕಲ್ಲು ತುಂಬುವುದನ್ನು ನೋಡುತ್ತ, ಮೇಡಂ ಏನು ಬರೆದುಕೊಂಡಿರಬಹುದೆಂದು ಯೋಚಿಸುತ್ತಿದ್ದೆ. ಎಷ್ಟು ಒಳ್ಳೆಯದೆಂದು ಊಹಿಸಿದರೂ ಕೊನೆಗೆ ಅಂಕಗಳಿಗೇ ಬಂದು ನಿಲ್ಲುತ್ತಿತ್ತು. ಯಾರನ್ನೂ ಅನುಕರಿಸುವ ಮನಸ್ಸಾಗುತ್ತಿರಲಿಲ್ಲ. ಅದನ್ನು ನೋಡಿ ಭಾವ ಇನ್ನಷ್ಟು ಹೆದರಿದರು. ಹುಡುಗ ಎಂತದೋ ದೊಡ್ಡದಕ್ಕೆ ತಯಾರಿ ಮಾಡುತ್ತಿದ್ದಾನೆ ಎಂದುಕೊಂಡರೋ ಏನೋ.

ಒಂದು ಬೆಳಿಗ್ಗೆ ಬಂಡೆಗೆ ಮದ್ದು ತುಂಬಿ ಬತ್ತಿ ಹಚ್ಚುವ ಹೊತ್ತು. ಸೀಟಿ ಊದಿ ಎಲ್ಲರನ್ನೂ ದೊಡ್ಡ ಕಲ್ಲುಗಳ ಮರೆಗೆ ಓಡಿಸಿಯಾಗಿತ್ತು. ಅಷ್ಟರಲ್ಲಿ ಗುಡ್ಡದ ದಾರಿಯಲ್ಲಿ ಬಿಳಿ ಪಂಚೆ, ಕಪ್ಪು ಕೊಡೆ. ಅಪ್ಪ. ಭಾವ ಓಡಿಹೋಗಿ ಮಾವನ ರಟ್ಟೆ ಹಿಡಿದು ಎಳೆದುಕೊಂಡು ಬಂದು ನಮ್ಮ ಕಲ್ಲಿನ ಹಿಂದೆ ಕೂರಿಸಿದರು. ಅಪ್ಪನಿಗೆ ಏದುಸಿರು. ಕೊಡೆ ಇನ್ನೂ ಬಿಚ್ಚಿಯೇ ಇತ್ತು.

“ಸಿಕ್ಕಿತು,” ಅಂದರು ಅಪ್ಪ.

ಬಂಡೆ ಸಿಡಿಯಿತು. ಧೂಳು, ಚೂರು, ಕಾಗೆಗಳ ಗಲಾಟೆ. ಕೊಡೆಯ ಮೇಲೆ ಪುಡಿಕಲ್ಲು ಮಳೆಯಂತೆ ಬಿತ್ತು.

“ಎಂತ ಸಿಕ್ಕಿತು?” ಭಾವ ಕಿವಿಯಿಂದ ಕೈ ತೆಗೆದು ಕಿರುಚಿದರು.

“ಸೀಟು. ಇವನಿಗೆ. ನಿನ್ನೆ ಪತ್ರ ಬಂತು. ನಂಬಿಕೆ ಬಾರದೆ ಪೋಸ್ಟ್‌ಮಾಸ್ಟರ ಹತ್ತಿರ ಓದಿಸಿದೆ, ಕಿಣಿಯ ಹತ್ತಿರವೂ ಓದಿಸಿದೆ. ಇಬ್ಬರೂ ಅದೇ ಹೇಳಿದರು.” ಕಿಣಿಗೆ ಸೀಟು ಬಂದಿರಲಿಲ್ಲ; ಆದರೂ ಅವನು ಪತ್ರವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿ ಹೇಳಿ, ‘ಕೈ ಮುಗಿದದ್ದಕ್ಕೇ ಕೊಟ್ಟದ್ದು’ ಎಂದು ನನಗೆ ಹೇಳಲು ಹೇಳಿ ಕಳಿಸಿದ್ದನಂತೆ. ಈಗ ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದಾನೆ. ಗಿರಾಕಿಗಳ ಮಾತನ್ನು ಬೇಕಾದಷ್ಟು ಕತ್ತರಿಸುತ್ತಾನೆ.

ನಾನು ಕಲ್ಲಿಗೆ ಒರಗಿ ಕುಳಿತೇ ಇದ್ದೆ. ಅಪ್ಪ ನನ್ನ ತಲೆಯ ಮೇಲಿನ ಧೂಳು ಒರೆಸಿದರು. ಪ್ರಸಂಗದ ಕನ್ನಡ ಈಗ ಬರುತ್ತದೆ ಎಂದು ಕಾದೆ. ಬರಲಿಲ್ಲ. ಅವರಿಗೆ ಸ್ವರವೇ ಇರಲಿಲ್ಲ.

ಸ್ವರ ಬಂದದ್ದು ಭಾವನಿಗೆ. ಅದೂ ಅಷ್ಟು ದಿನದ್ದು ಒಟ್ಟಿಗೆ. ಕೋರೆಯಿಂದ ಪೇಟೆಯವರೆಗೆ ಅವರು ಬಾಯಿ ಮುಚ್ಚಲಿಲ್ಲ. ಮೊದಲೇ ಹೇಳಿದ್ದೆ ಅಲ್ವಾ ಸಿಗ್ತದೆ ಅಂತ; ಹುಡುಗನಿಗೆ ತಲೆ ಉಂಟು ಮಾವ, ಅಂಕದಲ್ಲಿ ಎಂತ ಉಂಟು; ಲಾರಿಯವನೊಬ್ಬ ಕಳ್ಳ; ಸುಮತಿಯ ಪಲ್ಯಕ್ಕೆ ಉಪ್ಪು ಜಾಸ್ತಿ, ಇಷ್ಟು ದಿನ ಹೇಳಲಿಕ್ಕಾಗಲಿಲ್ಲ. ಹೋಟೆಲಿಗೆ ಕರೆದುಕೊಂಡು ಹೋಗಿ ಎಲ್ಲರಿಗೂ ಬನ್ಸು ತಿನ್ನಿಸಿದರು. ಪಡುಬಿದ್ರಿಯ ಮೇಲೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಸೀಟು ಹಿಡಿದು ನನ್ನನ್ನೂ ಅಪ್ಪನನ್ನೂ ಕೂರಿಸಿ, ಕೆಳಗಿಳಿದು ಕಿಟಕಿಯ ಸರಳು ಹಿಡಿದುಕೊಂಡು ನಿಂತರು.

“ಎಷ್ಟು ವರ್ಷದ್ದು ಈ ಕಲಿಯುವಿಕೆ?”

“ಎರಡು ಭಾವ.”

“ಅಷ್ಟೇ ಉಂಟಾ? ಅದರ ಮೇಲೆ ಕಲಿಯಲಿಕ್ಕೆ ಎಂತದೂ ಇಲ್ವಾ?”

“ಸದ್ಯಕ್ಕೆ ಅಷ್ಟೇ.”

ಡ್ರೈವರು ಇಂಜಿನ್ ಚಾಲು ಮಾಡಿದ. ಭಾವನ ಮುಖದಲ್ಲಿ ಒಂದು ಹೊಸ ಚಿಂತೆ ಹತ್ತಿತು.

“ಅಲ್ಲಿ ಫೇಲಾದ್ರೆ ಎಂತ ಮಾಡ್ತಾರೆ? ಇನ್ನೊಂದು ವರ್ಷ ಕೂರಿಸ್ತಾರಾ?”

“ಇಲ್ಲ ಭಾವ. ಮನೆಗೆ ಕಳಿಸ್ತಾರಂತೆ.”

ಬಸ್ಸು ಹೊರಟಿತು. ಭಾವ ಸರಳು ಬಿಡಲಿಲ್ಲ. ಬಸ್ಸಿನ ಜೊತೆಗೇ ನಾಲ್ಕು ಹೆಜ್ಜೆ ನಡೆದು, ಆಮೇಲೆ ಓಡುತ್ತ, ಒಂದು ಕೈಯಲ್ಲಿ ಪಂಚೆ ಎತ್ತಿ ಹಿಡಿದು ಹೇಳಿದರು:

“ಓದು ಮಾರಾಯ. ಈ ಸಲವಾದರೂ ಓದು.”

ಇದೇ ಮಾತನ್ನು ಅಪ್ಪ ಬೈದು ಹೇಳಿದ್ದರು, ಹೆಬ್ಬಾರರು ಕನ್ನಡಕ ಸರಿಮಾಡಿಕೊಂಡು ಹೇಳಿದ್ದರು, ಅಮ್ಮ ಅತ್ತು ಹೇಳಿದ್ದರು. ಓಡಿಕೊಂಡು ಬಂದು ಯಾರೂ ಹೇಳಿರಲಿಲ್ಲ.

ಓದಿದೆ.